ಸ್ಯಾನ್ ಫ್ರಾನ್ಸಿಸ್ಕೋದಿಂದ ಶಿವಮೊಗ್ಗ ಎಷ್ಟು ದೂರ?

2018ರ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಜಾವ ನಾಲ್ಕು ಗಂಟೆ. ದೆಹಲಿಯ ನಮ್ಮ ಮನೆಗೆ ಶಿವಮೊಗ್ಗದಿಂದ ಚಿಕ್ಕಪ್ಪನ ಫೋನ್ ಬಂತು. ಅಪ್ಪ ಹೋಗಿಬಿಟ್ಟಿದ್ದರು.

"ನೀನು ಸಂಜೆಯೊಳಗೆ ಬರ್ತೀಯ. ಅವಳಿಗೆ ಎಷ್ಟು ಹೊತ್ತು ಬೇಕು? ಕಾಯೋದಾ?" ಎಂದರು ಚಿಕ್ಕಪ್ಪ.

ಅವಳೆಂದರೆ ನನ್ನ ತಂಗಿ, ಇರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಆಗ ಗುರುವಾರ ಮಧ್ಯಾಹ್ನ ಮೂರೂವರೆ.

ಮೊಬೈಲ್‌ನಲ್ಲಿ ಹುಡುಕಿದೆ. ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಸುಮಾರು 12,400 ಕಿ.ಮೀ., 14 ಗಂಟೆ ಎಂದು ತೋರಿಸಿತು. ಅದು ಭೂಗೋಳದ ಮೇಲೆ ಎಳೆದ ಅತಿ ಹತ್ತಿರದ ಗೆರೆಯ ಲೆಕ್ಕ. ಉತ್ತರ ಧ್ರುವದ ಕಡೆಯಿಂದ ಹಾದುಬರುತ್ತದೆ. ವಿಮಾನಗಳು ಸಾಮಾನ್ಯವಾಗಿ ಅಷ್ಟು ನೇರವಾಗಿ ಹಾರುವುದಿಲ್ಲ. ಗಾಳಿ ನೋಡಿಕೊಂಡು ದಾರಿ ಹಿಡಿಯುತ್ತವೆ.

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ವಿಮಾನವೊಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿತ್ತು. ಹಳೆಯ ದಾರಿ 13,900 ಕಿ.ಮೀ., ಹೊಸದು 15,300 ಕಿ.ಮೀ. ಆದರೂ ಹದಿನಾರೂವರೆ ಗಂಟೆಯ ಪ್ರಯಾಣ ಹದಿನಾಲ್ಕೂವರೆ ಗಂಟೆಗೆ ಮುಗಿಯಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲಿನ ಗಾಳಿ ಬೆನ್ನಿಗಿತ್ತು, ಅಷ್ಟೇ. ದೂರ ಹೆಚ್ಚಾದರೂ ಹೊತ್ತು ಕಡಿಮೆಯಾಗಬಹುದು.

ಆದರೆ ಚಿಕ್ಕಪ್ಪನಿಗೆ ಬೇಕಿದ್ದದ್ದು ಮನೆಯಿಂದ ಮನೆಗೆ ಬರುವ ಲೆಕ್ಕ. ತಂಗಿಗೆ ಸಿಕ್ಕ ಮೊದಲ ವಿಮಾನ ಅಲ್ಲಿಯ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ. ನಮಗೆ ಅದು ಶುಕ್ರವಾರ ರಾತ್ರಿ ಹನ್ನೊಂದು. ಹದಿನಾರು ಗಂಟೆ ಹಾರಿದರೆ ಶನಿವಾರ ಮಧ್ಯಾಹ್ನ ಮೂರಕ್ಕೆ ದೆಹಲಿ. ಇಮಿಗ್ರೇಷನ್, ಲಗೇಜು ಮುಗಿಸಿ ರಾತ್ರಿ ಎಂಟರ ವಿಮಾನ ಹತ್ತಿದರೆ ಹನ್ನೊಂದಕ್ಕೆ ಬೆಂಗಳೂರು. ಶಿವಮೊಗ್ಗದ ವಿಮಾನ ನಿಲ್ದಾಣ ಆಗಿದ್ದು 2023ರಲ್ಲಿ. ಅಂದು ಅಲ್ಲಿಂದ ಮುಂದೆ ಕಾರೇ ಗತಿ, ಸುಮಾರು ಆರು ಗಂಟೆ. ಅಂತೂ ಮನೆ ಮುಟ್ಟುವಾಗ ಭಾನುವಾರ ಬೆಳಗಿನ ಜಾವ ಐದು ದಾಟುತ್ತದೆ. ಆಕಾಶದಲ್ಲಿ 19 ಗಂಟೆ. ಒಟ್ಟು 49 ಗಂಟೆಯ ಮೇಲೆ.

ಲೆಕ್ಕ ಹೇಳಿದೆ. ಚಿಕ್ಕಪ್ಪ ಮಾತಾಡಲಿಲ್ಲ. ತಂಗಿಯೇ ಹೇಳಿದಳು: "ಕಾಯಬೇಡ ಅಣ್ಣ. ಅಮ್ಮನ್ನ ಎರಡು ದಿನ ಹಾಗೇ ಕೂರಿಸಬೇಡಿ."

ಸಂಜೆ ಸಂಸ್ಕಾರವಾಯಿತು. ಅವಳು ನೋಡಿದ್ದು ವಿಡಿಯೋ ಕಾಲ್‌ನಲ್ಲಿ, ಅದೂ ನಡುವೆ ಎರಡು ಸಲ ಕಡಿದುಹೋಯಿತು. ಭಾನುವಾರ ಅಸ್ಥಿಸಂಚಯನಕ್ಕೆ ಬಂದು ಸೇರಿದಳು.

ನಮ್ಮಲ್ಲಿ ಹೆಚ್ಚಿನವರ ಮನೆಗಳು ಈಗ ಹೀಗೆಯೇ ಮೂರು ಊರುಗಳಲ್ಲಿ ಹಂಚಿಹೋಗಿವೆ. ಈ ಲೆಕ್ಕವನ್ನು ಅಣ್ಣ ತಂಗಿಯರು ಮೊದಲೇ ಕೂತು ಮಾಡಿಟ್ಟುಕೊಳ್ಳಿ. ಎಷ್ಟು ಕಿಲೋಮೀಟರ್ ಎಂದಲ್ಲ, ಬಾಗಿಲಿಂದ ಬಾಗಿಲಿಗೆ ಎಷ್ಟು ಗಂಟೆ ಎಂದು. ಕಾಯಬೇಕೋ ಬೇಡವೋ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಆ ಮಾತನ್ನು ತಂಗಿಯ ಬಾಯಿಂದಲೇ ಹೇಳಿಸಿದೆನಲ್ಲ ಎಂಬ ನೋವು ನನಗೆ ಇನ್ನೂ ಇದೆ.