ದಾಳ ದೈವದ್ದು, ನಡೆ ನಮ್ಮದು

ಅದೃಷ್ಟವನ್ನು ಹೊರಗಿಡದೆ, ಅದಕ್ಕೆ ಶರಣೂ ಆಗದೆ ಆಡುವ ಆಟ ಬ್ಯಾಕ್‌ಗ್ಯಾಮನ್. ರೋಮನ್ ಚಕ್ರವರ್ತಿಯಿಂದ ಕಂಪ್ಯೂಟರ್ ವಿಜ್ಞಾನಿಯವರೆಗೆ ಎಲ್ಲರನ್ನೂ ಹಿಡಿದು ಕೂರಿಸಿದ ಹಲಗೆಯೊಂದರ ಪರಿಚಯ ಇಲ್ಲಿದೆ.

ಸ್ಪೇನಿನ ಕಾಸ್ಟೀಲ್ ರಾಜ್ಯವನ್ನು ಆಳಿದ ಹತ್ತನೆಯ ಅಲ್ಫೋನ್ಸೊ ಆಟಗಳಿಗೆಂದೇ ಒಂದು ಸಚಿತ್ರ ಗ್ರಂಥ ಬರೆಸಿದ. ಅದು ಮುಗಿದದ್ದು 1283ರಲ್ಲಿ. ಗ್ರಂಥದ ಆರಂಭದಲ್ಲಿ ಭಾರತದ ಒಬ್ಬ ಅರಸನ ಕಥೆ ಬರುತ್ತದೆ. ಬುದ್ಧಿ ದೊಡ್ಡದೋ ಅದೃಷ್ಟ ದೊಡ್ಡದೋ ಎಂದು ಅರಸ ತನ್ನ ಮೂವರು ಪಂಡಿತರನ್ನು ಕೇಳುತ್ತಾನೆ. ಬುದ್ಧಿಯೇ ದೊಡ್ಡದು ಎಂದವನು ಚದುರಂಗ ತಂದಿಡುತ್ತಾನೆ. ಅದೃಷ್ಟದ ಮುಂದೆ ಬುದ್ಧಿಯ ಆಟ ನಡೆಯದು ಎಂದವನು ಬರೀ ದಾಳ ತರುತ್ತಾನೆ. ಮೂರನೆಯವನ ಕೈಯಲ್ಲಿ ಹಲಗೆ, ಕಾಯಿ, ದಾಳ ಮೂರೂ ಇರುತ್ತವೆ. ಬಿದ್ದ ಗರವನ್ನು ಒಪ್ಪಿಕೊಂಡು, ಅದನ್ನು ಬುದ್ಧಿಯಿಂದ ನಡೆಸುವುದೇ ಜಾಣತನ ಎಂಬುದು ಅವನ ವಾದ.

ಬ್ಯಾಕ್‌ಗ್ಯಾಮನ್ ಆ ಮೂರನೆಯ ಪಂಡಿತನ ಹಲಗೆಯ ವಂಶದ್ದು. ಅಲ್ಫೋನ್ಸೊನ ಗ್ರಂಥದಲ್ಲಿರುವ ಇಂಥ ಆಟಗಳಲ್ಲಿ ಒಂದರ ಕಾಯಿ ಜೋಡಣೆ ಇಂದಿನ ಬ್ಯಾಕ್‌ಗ್ಯಾಮನ್‌ಗೆ ತೀರಾ ಹತ್ತಿರವಾಗಿದೆ. ಟರ್ಕಿಯವರು ಇದನ್ನು ತಾವ್ಲಾ ಎನ್ನುತ್ತಾರೆ, ಗ್ರೀಕರು ತಾವ್ಲಿ, ಇರಾನಿನವರು ತಖ್ತೆ ನರ್ದ್. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯವರು ಅರಬ್ಬರ ಕಾಫಿ ಅಂಗಡಿಗಳಲ್ಲಿ ಈ ಹಲಗೆಯನ್ನು ನೋಡಿರಬಹುದು. ನೋಡಿ ಸುಮ್ಮನೆ ಮುಂದೆ ಹೋಗಬೇಡಿ, ಕೂತು ಕಲಿಯಿರಿ ಎಂದು ಹೇಳುವುದಕ್ಕೇ ಈ ಬರಹ.

ಹಲಗೆ ಮತ್ತು ಕಾಯಿ

ಹಲಗೆಯ ಮೇಲೆ 24 ಚೂಪು ತ್ರಿಕೋನಗಳಿರುತ್ತವೆ. ಒಂದೊಂದು ತ್ರಿಕೋನವೂ ಒಂದು ಮನೆ. ಆಡುವವರು ಇಬ್ಬರು, ತಲಾ 15 ಕಾಯಿ, ಎರಡು ದಾಳ. ಒಬ್ಬರ ಕಾಯಿ ಸಾಗುವ ದಿಕ್ಕಿಗೆ ಎದುರಾಗಿ ಇನ್ನೊಬ್ಬರ ಕಾಯಿ ಸಾಗುತ್ತದೆ. ಎಲ್ಲ ಕಾಯಿಗಳನ್ನೂ ತನ್ನ ಕೊನೆಯ ಆರು ಮನೆಗಳಿಗೆ, ಅಂದರೆ ಒಳ ಅಂಗಳಕ್ಕೆ, ತಂದುಕೊಂಡು ಅಲ್ಲಿಂದ ಮೊದಲು ಹೊರತೆಗೆದವರು ಗೆದ್ದಂತೆ.

ಚೌಕಾಬಾರ ಆಡಿ ಬೆಳೆದವರಿಗೆ ಉಳಿದದ್ದನ್ನು ಹೇಳಿಕೊಡುವುದು ಸುಲಭ. ಒಂಟಿ ಕಾಯಿ ಇರುವ ಮನೆಗೆ ಎದುರಾಳಿ ಬಂದರೆ ಆ ಕಾಯಿ ಕಡಿದುಹೋಗುತ್ತದೆ. ಅದು ಹಲಗೆಯ ನಡುವಿನ ಪಟ್ಟಿಗೆ ಸೇರಿ, ಎದುರಾಳಿಯ ಒಳ ಅಂಗಳದಿಂದ ಮತ್ತೆ ಪ್ರಯಾಣ ಶುರು ಮಾಡಬೇಕು. ಅದು ಒಳಗೆ ಬರುವ ತನಕ ಬೇರೆ ಯಾವ ಕಾಯಿಯನ್ನೂ ನಡೆಸುವಂತಿಲ್ಲ. ಎರಡು ಕಾಯಿ ಒಂದೇ ಮನೆಯಲ್ಲಿದ್ದರೆ ಅದು ಗಟ್ಟಿ. ಅಲ್ಲಿ ಎದುರಾಳಿ ಕಾಲಿಡುವಂತಿಲ್ಲ. ಎರಡೂ ದಾಳಕ್ಕೆ ಒಂದೇ ಗರ ಬಿದ್ದರೆ ಅದನ್ನು ನಾಲ್ಕು ಸಲ ನಡೆಸಬಹುದು.

ಆಟ ಶುರುವಾದಾಗ ಪ್ರತಿಯೊಬ್ಬರ ಕಾಯಿಗಳೂ ಒಟ್ಟು 167 ಹೆಜ್ಜೆ ನಡೆಯಬೇಕಿರುತ್ತದೆ. ಒಂದು ಸಲ ದಾಳ ಹಾಕಿದರೆ ಸಿಗುವುದು ಸರಾಸರಿ ಎಂಟು ಹೆಜ್ಜೆಗಿಂತ ತುಸು ಹೆಚ್ಚು. ಇದು ಬರೀ ಓಟವಾಗಿದ್ದರೆ ದೊಡ್ಡ ಗರ ಬಿದ್ದವರೇ ಗೆದ್ದುಬಿಡುತ್ತಿದ್ದರು. ಆದರೆ ಎರಡೂ ಪಡೆಗಳು ಒಂದನ್ನೊಂದು ಹಾದು ಹೋಗಲೇಬೇಕಲ್ಲ! ಅಡ್ಡಗಟ್ಟುವುದು, ಹೊಂಚು ಹಾಕುವುದು, ತಪ್ಪಿಸಿಕೊಳ್ಳುವುದು ಎಲ್ಲ ಅಲ್ಲಿಂದ ಹುಟ್ಟುತ್ತವೆ.

ಮೊದಲ ನಡೆಗೆ ಮೂರು-ಒಂದು ಬಿತ್ತು ಎನ್ನಿ. ಒಟ್ಟು ನಾಲ್ಕೇ ಹೆಜ್ಜೆ. ಹೊಸಬರ ಮುಖ ಸಪ್ಪಗಾಗುತ್ತದೆ, ಬಲ್ಲವರು ಹಿಗ್ಗುತ್ತಾರೆ. ಮನೆಗಳನ್ನು ಕಾಯಿ ಹೊರಬೀಳುವ ತುದಿಯಿಂದ ಎಣಿಸಿ, ಎಂಟನೆಯ ಮನೆಯಿಂದ ಮೂರು ಹೆಜ್ಜೆ, ಆರನೆಯ ಮನೆಯಿಂದ ಒಂದು ಹೆಜ್ಜೆ ನಡೆಸಿದರೆ ಎರಡು ಕಾಯಿಗಳೂ ಐದನೆಯ ಮನೆಯಲ್ಲಿ ಸೇರುತ್ತವೆ. ಒಳ ಅಂಗಳದಲ್ಲಿ ಪಕ್ಕಪಕ್ಕದ ಎರಡು ಮನೆಗಳು ಆಗಲೇ ಗಟ್ಟಿಯಾದವು. ಎದುರಾಳಿಯ ಹಿಂದುಳಿದ ಕಾಯಿಗಳಿಗೆ ದಾರಿ ಕಿರಿದಾಯಿತು, ಮುಂದೆ ಅವನ ಕಾಯಿ ಕಡಿದರೆ ಅದು ಒಳಗೆ ಬರುವುದೂ ಕಷ್ಟವಾಯಿತು. ಹೀಗೆ ಸಾಲಾಗಿ ಆರು ಮನೆ ಕಟ್ಟಿಬಿಟ್ಟರೆ ಯಾವ ಗರ ಬಿದ್ದರೂ ಆ ಗೋಡೆಯನ್ನು ದಾಟಲಾಗದು. ಎಷ್ಟು ದೂರ ಓಡಿದೆ ಎನ್ನುವುದಕ್ಕಿಂತ ಎಲ್ಲಿ ನೆಲೆ ನಿಂತೆ ಎನ್ನುವುದು ಇಲ್ಲಿ ಮುಖ್ಯ.

ಆರಕ್ಕೂ ಏಳಕ್ಕೂ ಇರುವ ಅಂತರ

ಎರಡು ದಾಳ ಬೀಳುವ ಬಗೆಗಳು 36. ಈ ಆಟದ ಲೆಕ್ಕಾಚಾರವೆಲ್ಲ ಆ 36ರ ಸುತ್ತ ತಿರುಗುತ್ತದೆ.

ನಿಮ್ಮ ಒಂಟಿ ಕಾಯಿ ಎದುರಾಳಿಯ ಕಾಯಿಯಿಂದ ಆರು ಮನೆ ದೂರದಲ್ಲಿದೆ, ನಡುವೆ ಅಡ್ಡಿಯಿಲ್ಲ ಎಂದುಕೊಳ್ಳಿ. ಒಂದು ದಾಳಕ್ಕಾದರೂ ಆರು ಬೀಳುವ ಬಗೆಗಳು 11. ಐದು-ಒಂದು ಎರಡು ಬಗೆಯಲ್ಲಿ, ನಾಲ್ಕು-ಎರಡು ಎರಡು ಬಗೆಯಲ್ಲಿ ಬೀಳಬಹುದು. ಜೋಡಿ ಮೂರು, ಜೋಡಿ ಎರಡು ಒಂದೊಂದು. ಒಟ್ಟು 17 ಬಗೆಗಳಲ್ಲಿ ಕಾಯಿ ಹೋಗುತ್ತದೆ, ಹೆಚ್ಚುಕಡಿಮೆ ಅರ್ಧದಷ್ಟು ಅಪಾಯ. ಅದೇ ಕಾಯಿಯನ್ನು ಇನ್ನೊಂದೇ ಮನೆ ಆಚೆ, ಏಳು ಮನೆ ದೂರದಲ್ಲಿ ಇಟ್ಟಿದ್ದರೆ? ಆರು-ಒಂದು, ಐದು-ಎರಡು, ನಾಲ್ಕು-ಮೂರು ಇಷ್ಟೇ; ಬಗೆಗಳು ಬರೀ ಆರು. ಒಂದು ಹೆಜ್ಜೆಯ ಅಂತರದಲ್ಲಿ ಅಪಾಯ ಮೂರನೇ ಒಂದು ಪಾಲಿಗೆ ಇಳಿದುಬಿಟ್ಟಿತು.

ಅಕ್ಕಪಕ್ಕದಲ್ಲೇ, ಒಂದೇ ಮನೆ ದೂರದಲ್ಲಿ ಇಟ್ಟರೆ 11 ಬಗೆ. ಹಾಗಾಗಿ ಕಾಯಿ ಒಂಟಿಯಾಗಿ ಉಳಿಯಲೇಬೇಕಾದರೆ ಎದುರಾಳಿಯ ಮಗ್ಗುಲಲ್ಲೇ ಇರಲಿ, ಇಲ್ಲವೇ ಏಳು ಮನೆಯಾಚೆ ಇರಲಿ ಎಂಬುದು ಬಲ್ಲವರ ಮೊದಲ ಪಾಠ. ದಾಳ ಏನು ಬೀಳಬೇಕೆಂದು ನಾವು ಹೇಳಲಾಗದು. ಎಷ್ಟು ಗರಗಳು ನಮ್ಮ ಪರ, ಎಷ್ಟು ವಿರುದ್ಧ ಎಂಬುದನ್ನು ಮಾತ್ರ ಹೀಗೆ ನಾವೇ ಏರ್ಪಡಿಸಿಕೊಳ್ಳಬಹುದು. ಈ ಆಟದ ಸೊಗಸೆಲ್ಲ ಇದರಲ್ಲೇ ಇದೆ ಎಂದು ನನ್ನ ನಂಬಿಕೆ.

ಚಕ್ರವರ್ತಿಗೆ ಬಿದ್ದ ಕೆಟ್ಟ ಗರ

ಎಷ್ಟೇ ಜಾಣತನದಿಂದ ಏರ್ಪಡಿಸಿಕೊಂಡರೂ ದಾಳ ಕೈಕೊಡುವುದುಂಟು. ಐದನೆಯ ಶತಮಾನದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯವನ್ನು ಆಳಿದ ಝೀನೊ ಚಕ್ರವರ್ತಿಗೆ ಆದದ್ದು ಅದೇ. ಅವನು ಆಡುತ್ತಿದ್ದ ತಾಬುಲಾ ಎಂಬ ಆಟಕ್ಕೂ 24 ಮನೆ, ತಲಾ 15 ಕಾಯಿ. ದಾಳ ಮಾತ್ರ ಮೂರು. ಒಮ್ಮೆ ಅವನಿಗೆ ಎರಡು, ಐದು, ಆರು ಬಿದ್ದು, ಕಟ್ಟಿದ್ದ ಗಟ್ಟಿಗಳನ್ನೆಲ್ಲ ತಾನೇ ಒಡೆದುಕೊಳ್ಳಬೇಕಾಯಿತು. ಮುಂದಿನ ಶತಮಾನದ ಕವಿ ಅಗಾಥಿಯಸ್ ಆ ದುರದೃಷ್ಟವನ್ನು ಪದ್ಯ ಮಾಡಿದ. ಅದನ್ನೇ ಆಧಾರವಾಗಿಟ್ಟು ವಿದ್ವಾಂಸರು ಆ ಹಲಗೆಯ ಸ್ಥಿತಿಯನ್ನು ಮತ್ತೆ ಜೋಡಿಸಿದ್ದಾರೆ. ಒಂದು ಕೆಟ್ಟ ಗರ ಹದಿನೈದು ಶತಮಾನ ನೆನಪಿನಲ್ಲಿ ಉಳಿಯಿತು.

ಪರ್ಷಿಯಾದಲ್ಲಿ ಈ ಕುಲದ ಆಟಕ್ಕೆ ನರ್ದ್ ಎಂದು ಹೆಸರು. ಅದರ ಹುಟ್ಟಿನ ಕಥೆಯಲ್ಲೂ ಭಾರತದ ಅರಸ ಬರುತ್ತಾನೆ. ಇದರ ಗುಟ್ಟು ಬಿಡಿಸಿ ನೋಡೋಣ ಎಂದು ಅವನು ಖುಸ್ರೋ ದೊರೆಗೆ ಚದುರಂಗ ಕಳಿಸುತ್ತಾನೆ. ಮಂತ್ರಿ ಬುಜುರ್ಗ್‌ಮಿಹ್ರ್ ಅದನ್ನು ಬಿಡಿಸಿದ್ದಲ್ಲದೆ, ಮರುಸವಾಲಾಗಿ ನರ್ದ್ ರಚಿಸಿ ಭಾರತಕ್ಕೆ ಒಯ್ಯುತ್ತಾನೆ. ಅದನ್ನು ಬಿಡಿಸಲು ಇಲ್ಲಿನ ಪಂಡಿತರಿಗೆ ಆಗುವುದಿಲ್ಲ. ಮಧ್ಯ ಪರ್ಷಿಯನ್ ಭಾಷೆಯ ಕೃತಿಯಲ್ಲಿ ಬರುವ ಈ ಕಥೆಯನ್ನು ಫಿರ್ದೌಸಿಯ ಶಾಹ್‌ನಾಮೆಯೂ ಹೇಳುತ್ತದೆ. ಹಳೆಯ ಕೃತಿಯ ಪ್ರಕಾರ ಹಲಗೆಯೇ ಭೂಮಿ. ಮೂವತ್ತು ಕಾಯಿಗಳಲ್ಲಿ ಬಿಳಿಯವು ಹಗಲು, ಕರಿಯವು ಇರುಳು. ದಾಳದ ಉರುಳಾಟ ಗ್ರಹತಾರೆಗಳ ತಿರುಗಾಟ.

ಇಂಥ ಆಟದ ಹಿಂದೆ ಜೂಜು ಬಾರದೆ ಇರುತ್ತದೆಯೇ? ಈ ಆಟದ ಬಂಧುವಾದ ಸುಗೊರೊಕುವನ್ನು ಜಪಾನಿನ ಸಾಮ್ರಾಜ್ಞಿ ಜಿತೊ 689ರಲ್ಲಿ ನಿಷೇಧಿಸಿದಳು. ಫ್ರಾನ್ಸಿನ ಒಂಬತ್ತನೆಯ ಲೂಯಿ 1254ರಲ್ಲಿ ತನ್ನ ಅಧಿಕಾರಿಗಳು ಇಂಥ ಆಟ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ. ಎರಡೂ ಕಡೆ ಆಟ ಉಳಿಯಿತು. ಅದೇ ಜಪಾನಿನ ಅಕಿಕೊ ಯಜಾವಾ 2014 ಮತ್ತು 2018ರಲ್ಲಿ ಬ್ಯಾಕ್‌ಗ್ಯಾಮನ್ ವಿಶ್ವ ಚಾಂಪಿಯನ್ ಆದರು.

ಬಿಟ್ಟುಕೊಡುವುದೂ ಒಂದು ನಡೆ

ಇಷ್ಟು ಹಳೆಯ ಆಟಕ್ಕೆ ಇಪ್ಪತ್ತನೆಯ ಶತಮಾನ ಒಂದು ಹೊಸ ಸಾಧನ ಕೊಟ್ಟಿತು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಯಾರೋ ಡಬ್ಲಿಂಗ್ ಕ್ಯೂಬ್ ಬಳಕೆಗೆ ತಂದರು. ಅದರ ಆರು ಮುಖಗಳ ಮೇಲೆ 2, 4, 8, 16, 32, 64 ಎಂದು ಬರೆದಿರುತ್ತದೆ. ಆಟದ ನಡುವೆ ನನ್ನ ಕೈ ಮೇಲಾಗಿದೆ ಅನ್ನಿಸಿದರೆ, ದಾಳ ಹಾಕುವ ಮೊದಲು ಕ್ಯೂಬನ್ನು ಎದುರಾಳಿಯ ಕಡೆ ತಳ್ಳಿ ಅಂಕ ಇಮ್ಮಡಿಗೊಳಿಸಬಹುದು. ಅವನ ಮುಂದೆ ಎರಡು ದಾರಿ. ಒಂದು ಅಂಕ ಬಿಟ್ಟುಕೊಟ್ಟು ಆಟ ಮುಗಿಸಬಹುದು. ಇಲ್ಲವೇ ಎರಡು ಅಂಕಕ್ಕೆ ಒಪ್ಪಿ ಮುಂದುವರಿಯಬಹುದು. ಒಪ್ಪಿದರೆ ಮತ್ತೆ ಇಮ್ಮಡಿ ಮಾಡುವ ಹಕ್ಕು ಅವನದಾಗುತ್ತದೆ.

ಯಾವಾಗ ಒಪ್ಪಬೇಕು? ಲೆಕ್ಕ ಸರಳ. ಇಂಥದೇ ಸ್ಥಿತಿ ನಾಲ್ಕು ಸಲ ಬಂತು ಎನ್ನಿ. ನಾಲ್ಕು ಸಲವೂ ಬಿಟ್ಟುಕೊಟ್ಟರೆ ನಾಲ್ಕು ಅಂಕ ನಷ್ಟ. ನಾಲ್ಕು ಸಲವೂ ಒಪ್ಪಿ, ಮೂರು ಸೋತು ಒಂದು ಗೆದ್ದರೆ? ಆರು ಹೋಯಿತು, ಎರಡು ಬಂತು. ನಷ್ಟ ಅದೇ ನಾಲ್ಕು. ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಗೆಲ್ಲುವ ಆಸೆ ಇದ್ದರೆ ಒಪ್ಪುವುದೇ ಲಾಭ, ಕಡಿಮೆ ಇದ್ದರೆ ಎದ್ದುಬಿಡುವುದೇ ಲೇಸು. ಒಂದು ಕಾಯಿಯನ್ನೂ ಹೊರತೆಗೆಯದೆ ಸೋತರೆ ಆಗುವ ಇಮ್ಮಡಿ ಸೋಲಿನ ಭಯ, ಮುಂದೆ ಕ್ಯೂಬ್ ಬಳಸುವ ಅನುಕೂಲ ಇವೆಲ್ಲ ಸೇರಿ ಲೆಕ್ಕ ಆಚೀಚೆ ಆಗುವುದುಂಟು, ಆದರೆ ಮೂಲ ಇದು.

ಮಹಾಭಾರತದ ದ್ಯೂತಸಭೆಯನ್ನು ಒಮ್ಮೆ ನೆನೆಯಿರಿ. ಪ್ರತಿ ಸೋಲಿನ ಮೇಲೂ ಪಣ ಏರುತ್ತ ಹೋಯಿತು. ಸಾಕು ಎಂದು ಏಳುವುದು ಧರ್ಮರಾಯನಿಂದ ಆಗಲಿಲ್ಲ. ಬ್ಯಾಕ್‌ಗ್ಯಾಮನ್‌ನಲ್ಲಿ ಏಳುವುದಕ್ಕೂ ನಿಯಮ ಜಾಗ ಕೊಟ್ಟಿದೆ. ಚಿಕ್ಕ ನಷ್ಟ ಒಪ್ಪಿಕೊಂಡು ದೊಡ್ಡ ನಷ್ಟ ತಪ್ಪಿಸಿಕೊಂಡವನನ್ನು ಯಾರೂ ಹೇಡಿ ಎನ್ನುವುದಿಲ್ಲ, ಒಳ್ಳೆಯ ಆಟಗಾರ ಎನ್ನುತ್ತಾರೆ.

ತಾನೇ ಕಲಿತ ಯಂತ್ರ

1979ರಲ್ಲಿ ಹ್ಯಾನ್ಸ್ ಬರ್ಲಿನರ್ ರೂಪಿಸಿದ ಕಂಪ್ಯೂಟರ್ ಪ್ರೋಗ್ರಾಂ, ಮಾಂಟೆ ಕಾರ್ಲೊದಲ್ಲಿ ಆಗಿನ ವಿಶ್ವ ಚಾಂಪಿಯನ್ ಲುಯಿಜಿ ವಿಲ್ಲಾ ಅವರನ್ನು 7–1ರಿಂದ ಸೋಲಿಸಿತು. ಪಂದ್ಯವನ್ನು ಮತ್ತೆ ಬಿಡಿಸಿ ನೋಡಿದಾಗ ಗೊತ್ತಾದದ್ದೇ ಬೇರೆ: ವಿಲ್ಲಾ ಅವರೇ ಚೆನ್ನಾಗಿ ಆಡಿದ್ದರು, ಯಂತ್ರಕ್ಕೆ ದಾಳ ಒಲಿದಿತ್ತು. ಬರ್ಲಿನರ್ ಇದನ್ನು ಮುಚ್ಚಿಡದೆ ಹೇಳಿದರು.

ನಿಜವಾದ ತಿರುವು ಬಂದದ್ದು 1992ರ ಹೊತ್ತಿಗೆ. ಐಬಿಎಂನ ಜೆರಾಲ್ಡ್ ಟೆಸಾರೊ ತಮ್ಮ ಟಿಡಿ-ಗ್ಯಾಮನ್ ಎಂಬ ಪ್ರೋಗ್ರಾಂಗೆ ಜಾಣ ನಡೆ ಯಾವುದು ಎಂದು ಹೇಳಿಕೊಡಲಿಲ್ಲ. ಅದು ತನ್ನ ಜೊತೆ ತಾನೇ ಲಕ್ಷಗಟ್ಟಲೆ ಆಟ ಆಡಿ ಕಲಿತು, ಜಗತ್ತಿನ ಮುಂಚೂಣಿ ಆಟಗಾರರ ಮಟ್ಟಕ್ಕೆ ಬಂದು ನಿಂತಿತು. ಅಷ್ಟೇ ಅಲ್ಲ, ಮನುಷ್ಯರಿಗೇ ಪಾಠ ಹೇಳಿತು. ಎರಡು-ಒಂದು, ನಾಲ್ಕು-ಒಂದು, ಐದು-ಒಂದು ಮೊದಲ ನಡೆಗೆ ಬಿದ್ದರೆ, ಐದನೆಯ ಮನೆಗೆ ಒಂಟಿ ಕಾಯಿ ಇಳಿಸಿ ಅದೃಷ್ಟ ನೋಡುವುದು ಆಗ ಪಳಗಿದವರ ರೂಢಿಯಾಗಿತ್ತು. ಆ ಒಂದನ್ನು ಹಿಂದಿನ ಕಾಯಿಗೆ ನಡೆಸುವುದು ಮೇಲು ಎಂದು ಯಂತ್ರ ತೋರಿಸಿತು. ಪಂದ್ಯಾವಳಿಗಳಲ್ಲಿ ಆಡುವವರು ಅದನ್ನೇ ಹಿಡಿದರು. ತಾನೇ ಆಡಿ ತಾನೇ ಕಲಿಯುವ ಆ ದಾರಿ ಮುಂದೆ ಗೋ ಆಟವನ್ನು ಗೆದ್ದ ಯಂತ್ರಗಳ ತನಕ ಬಂತು.

ಚಹಾದಂಗಡಿಯ ಶಾಲೆ

ಲೆಕ್ಕ, ಯಂತ್ರ ಇವೆಲ್ಲ ಒಂದು ಕಡೆ. ಆಟದ ಜೀವ ಇರುವುದು ಜನರ ನಡುವೆ. ಟರ್ಕಿಯ ಚಹಾದಂಗಡಿಗಳಲ್ಲಿ ಕಾಯಿಯನ್ನು ಮೆಲ್ಲನೆ ಸರಿಸುವವರು ಕಡಿಮೆ; ಹಲಗೆಗೆ ಟಪ್ಪೆಂದು ಬಡಿಯಬೇಕು, ಎದುರಾಳಿ ಕೆಣಕಬೇಕು, ಪಕ್ಕದಲ್ಲಿ ನಿಂತವರು ಸಲಹೆ ಕೊಡಬೇಕು. ಆರು-ಐದು ಬಿದ್ದರೆ ಶೆಶ್-ಬೆಶ್, ಜೋಡಿ ಆರಕ್ಕೆ ದುಶೆಶ್ ಎಂದು ಕೂಗು. ಗ್ರೀಕರಿಗೆ ಒಂದು ಆಟ ಸಾಲದು. ಪೋರ್ತೆಸ್, ಪ್ಲಾಕೊತೊ, ಫೆವ್ಗಾ ಎಂಬ ಮೂರು ಬಗೆಗಳನ್ನು ಒಂದೇ ಹಲಗೆಯ ಮೇಲೆ ಸರದಿಯಂತೆ ಆಡುತ್ತಾರೆ. ಡಮಾಸ್ಕಸ್‌ನ ಕುಶಲಕರ್ಮಿಗಳು ಮರಕ್ಕೆ ಮುತ್ತಿನ ಚಿಪ್ಪು ಕೂರಿಸಿ ಮಾಡುವ ಹಲಗೆಗಳು ಮನೆಯ ಆಸ್ತಿಯಂತೆ ತಲೆಮಾರು ಬಾಳುತ್ತವೆ. ತಾತ ಮೊಮ್ಮಗನ ಎದುರು ಕೂತು ಸರಿಸಮನಾಗಿ ಆಡಬಹುದು, ಮೊಮ್ಮಗ ಗೆಲ್ಲಲೂಬಹುದು.

ನಮ್ಮ ನಾಡಿಗೂ ದಾಳದಾಟದ ರುಚಿ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳಿಗೆ ಮನಸೋತ ದೊರೆ. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರದಂಥ ಆಟಗಳನ್ನು ಮತ್ತೆ ಜನರ ಕೈಗೆ ಕೊಡುತ್ತಿದೆ. ಪಗಡೆ ಬಲ್ಲ ಮನೆಗೆ ಬ್ಯಾಕ್‌ಗ್ಯಾಮನ್ ದೂರದ ನೆಂಟನಲ್ಲ.

ಕಲಿಯಬೇಕೆನ್ನುವವರಿಗೆ

ಮೊದಲು ಹತ್ತಾರು ಆಟ ಸುಮ್ಮನೆ ಆಡಿ. ಆಮೇಲೆ ಮೊದಲ ನಡೆಗಳನ್ನು ಬಾಯಿಪಾಠ ಮಾಡಿ. ಮೊದಲ ನಡೆಗೆ ಜೋಡಿ ಗರ ಇಲ್ಲವಾದ್ದರಿಂದ ಇರುವುದು 15 ಬಗೆ ಮಾತ್ರ. ಇಬ್ಬರ ಉಳಿದ ಹೆಜ್ಜೆಗಳನ್ನೂ ಆಗಾಗ ಎಣಿಸುವ ಅಭ್ಯಾಸ ಇರಲಿ. ಹಿಂದಿದ್ದರೆ ಅಡ್ಡಗಟ್ಟಿ, ಮುಂದಿದ್ದರೆ ಓಡಿ. ಪುಸ್ತಕ ಬೇಕೆಂದರೆ ಪಾಲ್ ಮ್ಯಾಗ್ರಿಯಲ್ 1976ರಲ್ಲಿ ಬರೆದದ್ದು ಇಂದಿಗೂ ಒಳ್ಳೆಯ ಗುರು. ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಉಚಿತ ಪ್ರೋಗ್ರಾಂ ನೀವು ಆಡಿದ ಪ್ರತಿ ನಡೆಯನ್ನೂ ತೂಗಿ, ಎಲ್ಲಿ ಎಷ್ಟು ತಪ್ಪಿದಿರಿ ಎಂದು ಹೇಳುತ್ತದೆ. ಸೋತ ದಿನವೂ ನೀವೇ ಚೆನ್ನಾಗಿ ಆಡಿದ್ದಿರಿ ಎಂದು ಅದು ತೋರಿಸಬಹುದು. ಗೆದ್ದ ದಿನ ನಿಮ್ಮ ತಪ್ಪುಗಳ ಪಟ್ಟಿ ಕೈಗಿಡಬಹುದು.

ಫಲದಿಂದ ನಿರ್ಧಾರವನ್ನು ಅಳೆಯುವ ಚಟ ನಮಗೆಲ್ಲ ಇದೆ. ಗೆದ್ದವನು ಮಾಡಿದ್ದೆಲ್ಲ ಸರಿ, ಸೋತವನದೆಲ್ಲ ತಪ್ಪು ಎಂದುಬಿಡುತ್ತೇವೆ. ಈ ಹಲಗೆಯ ಮುಂದೆ ಕೂತವರಿಗೆ ಆ ಚಟ ನಿಧಾನವಾಗಿ ಬಿಟ್ಟುಹೋಗುತ್ತದೆ. ಕಲಿತು ವಾರವಾದವರು ವಿಶ್ವ ಚಾಂಪಿಯನ್ನರ ಎದುರು ಒಂದು ಆಟ ಗೆಲ್ಲಬಹುದು. ನೂರು ಆಟಗಳ ಪಂದ್ಯವಾದರೆ ಗೆಲ್ಲುವ ಆಸೆಯೇ ಬೇಡ. ಮೊದಲನೆಯ ಮಾತು ನಿಜವಾದ್ದರಿಂದ ಹೊಸಬರು ಹಲಗೆಯ ಮುಂದೆ ಬಂದು ಕೂರುತ್ತಾರೆ, ಎರಡನೆಯದೂ ನಿಜವಾದ್ದರಿಂದ ಹಳಬರು ಕಲಿಯುವುದನ್ನು ನಿಲ್ಲಿಸುವುದಿಲ್ಲ.