ಅಟ್ಟದ ಮೇಲಿನ ಗಾಳದ ರೀಲು: ಗುರುತಿಸಿ, ಆದರೆ ಉಜ್ಜಬೇಡಿ

ಗದಗ: ಹಳೆಯ ಮನೆಯ ಅಟ್ಟವನ್ನು ಸ್ವಚ್ಛಗೊಳಿಸುವಾಗ ಹಿತ್ತಾಳೆಯದೋ ಮರದ್ದೋ ಆದ, ಅಂಗೈ ಅಗಲದ ಗಾಲಿಯೊಂದು ಕೈಗೆ ಸಿಗಬಹುದು. ಬದಿಯಲ್ಲಿ ಎರಡು ಪುಟ್ಟ ಹಿಡಿಕೆಗಳು, ಕೆಳಗೊಂದು ಉದ್ದನೆಯ ಪಟ್ಟಿ, ತಿರುಗಿಸಿದರೆ ಕಟಕಟ ಸದ್ದು. ಯಾವುದೋ ಯಂತ್ರದ ಬಿಡಿಭಾಗವೆಂದು ಬಗೆದು ಇದನ್ನು ಗುಜರಿಯವರ ತಕ್ಕಡಿಗೆ ಹಾಕುವವರಿದ್ದಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಷೋಕೇಸಿನಲ್ಲಿ ಇಡುವವರೂ ಇದ್ದಾರೆ. ಎರಡರಿಂದಲೂ ನಷ್ಟವೇ. ಅದು ಗಾಳದ ಕೋಲಿಗೆ ಜೋಡಿಸುವ ಹಳೆಯ ‘ಸೆಂಟರ್‌ಪಿನ್’ ರೀಲು ಆಗಿರಬಹುದು.

ಒಂದೇ ಅಚ್ಚು, ಒಂದೇ ಸುತ್ತು

ಬಾವಿಯ ಗಡಗಡೆ ನಡುವಿನ ಅಚ್ಚಿನ ಮೇಲೆ ತಿರುಗುವಂತೆ ಈ ರೀಲಿನ ಡ್ರಮ್ಮು ಒಂದೇ ಕಡ್ಡಿಯ ಮೇಲೆ ತಿರುಗುತ್ತದೆ. ಬೆಟಗೇರಿಯ ನೇಕಾರರ ರಾಟೆಯಲ್ಲಿ ದೊಡ್ಡ ಗಾಲಿ ಒಮ್ಮೆ ತಿರುಗಿದರೆ ಕಂಡಿಕೆ ಹಲವು ಸುತ್ತು ತಿರುಗುತ್ತದೆ. ಇಲ್ಲಿ ಹಾಗಿಲ್ಲ, ಕೈ ಒಂದು ಸುತ್ತು ತಿರುಗಿದರೆ ದಾರವೂ ಒಂದೇ ಸುತ್ತು. ನಾಲ್ಕು ಇಂಚಿನ ಡ್ರಮ್ಮು ತುಂಬಿದ್ದಾಗ ಪ್ರತಿ ಸುತ್ತಿಗೆ ಒಂದಡಿಗಿಂತ ತುಸು ಹೆಚ್ಚು ದಾರ ಸೇರುತ್ತದೆ. ಓಡುವ ಮೀನನ್ನು ತಡೆಯಲು ಗಾಳಗಾರನ ಹೆಬ್ಬೆರಳೇ ಬ್ರೇಕು. ಆದ್ದರಿಂದ ಆ ನಡುವಿನ ಕಡ್ಡಿಯೇ ರೀಲಿನ ಜೀವ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಈ ಬಗೆಯ ಮರದ ರೀಲುಗಳಿಗೆ ಹೆಸರಾದ ಊರು. ವಸಾಹತು ಕಾಲದ ಅಧಿಕಾರಿಗಳೊಂದಿಗೆ ಇಂಥ ರೀಲುಗಳು ನಮ್ಮ ನದಿಗಳಿಗೂ ಬಂದವು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವ ವಿದ್ಯೆಯ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲೇ. ಈ ಹವ್ಯಾಸಿಗಳ ಕಣ್ಣೆಲ್ಲ ಇದ್ದದ್ದು ಮಹಶೀರ್ ಮೀನಿನ ಮೇಲೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು.

ಗುರುತಿಸುವುದು ಹೇಗೆ?

ಮೊದಲು ವಸ್ತುವನ್ನು ನೋಡಿ. ಮರದ ಡ್ರಮ್ಮು, ಬೆನ್ನಿನ ಮೇಲೆ ನಕ್ಷತ್ರಾಕಾರದ ಹಿತ್ತಾಳೆ ಪಟ್ಟಿ ಇದ್ದರೆ ಅದು ನಾಟಿಂಗ್‌ಹ್ಯಾಮ್ ಮಾದರಿ. ಕಪ್ಪು ಎಬೊನೈಟ್ ಬಳಕೆಯೂ ಹಳೆಯದೇ. ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ್ದಾದರೆ ಸಾಮಾನ್ಯವಾಗಿ ಇಪ್ಪತ್ತನೆಯ ಶತಮಾನದ್ದು.

ಬಳಿಕ ಹೆಸರು ಹುಡುಕಿ. ಬೆನ್ನಿನ ಫಲಕ, ಕೆಳಪಟ್ಟಿ, ಡ್ರಮ್ಮಿನ ಒಳಮೈ ಮೂರನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು. ಹಾರ್ಡಿ ಕಂಪನಿಯ ‘ಪರ್ಫೆಕ್ಟ್’ 1891ರಲ್ಲಿಯೂ ‘ಸೈಲೆಕ್ಸ್’ 1896ರಲ್ಲಿಯೂ ಮಾರುಕಟ್ಟೆಗೆ ಬಂದವು. ರೆಡಿಚ್ ಊರಿನ ಆಲ್‌ಕಾಕ್ ಕಂಪನಿಯ ‘ಏರಿಯಲ್’ ರೀಲಿಗೆ ಸೈಕಲ್ ಗಾಲಿಯಂತೆ ಕಡ್ಡಿಗಳಿರುತ್ತವೆ. ಹಾರ್ಡಿ ರೀಲಿನ ಒಳಗೆ ಕೆಲಸಗಾರನ ಹೆಸರಿನ ಮೊದಲಕ್ಷರವೂ ಸಿಗಬಹುದು. ಒಂದು ಎಚ್ಚರಿಕೆ: ಕೆತ್ತಿದ ಹೆಸರು ಮಾರಿದ ಅಂಗಡಿಯದ್ದಾಗಿರಬಹುದು, ತಯಾರಕರದ್ದೇ ಆಗಬೇಕೆಂದಿಲ್ಲ. ಕೋಲಿಗೆ ಹೊಂದಿಸಲೆಂದು ಕೆಳಪಟ್ಟಿಯನ್ನು ಅರದಿಂದ ಉಜ್ಜಿದ್ದರೆ, ತಿರುಪುಗಳನ್ನು ಬದಲಿಸಿದ್ದರೆ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆ ಇಳಿಯುತ್ತದೆ.

ಕಾಲವನ್ನು ಹೇಳುವ ಈ ಅಕ್ಷರಗಳು ಕೂದಲೆಳೆಯಷ್ಟು ಆಳದವು. ಹಾರ್ಡಿಯವರ ಸೀಸದ ಬಣ್ಣದ ಲೇಪವಂತೂ ಇನ್ನೂ ತೆಳುವಾದದ್ದು. ಹುಣಸೆಹಣ್ಣು, ಪಾತ್ರೆಯ ಪುಡಿ, ಉಪ್ಪುಕಾಗದ ಇವೆಲ್ಲವೂ ಅಳಿಸಿಹಾಕುವುದು ಈ ಸಾಕ್ಷ್ಯವನ್ನೇ. ಮಾಸಿದ ಬಣ್ಣ ಕೊಳೆಯಲ್ಲ.

ಆರೈಕೆಯ ಕ್ರಮ

ಗದಗ ಸೀಮೆಯಲ್ಲಿ ದೊಡ್ಡ ಶತ್ರು ಧೂಳು. ಬೇಸಿಗೆಯ ಗಾಳಿಯಲ್ಲಿ ಹಾರುವ ಮಣ್ಣಿನ ಕಣ ಹಳೆಯ ಎಣ್ಣೆಯೊಡನೆ ಬೆರೆತರೆ ಕಡ್ಡಿಯನ್ನು ಸವೆಸುವ ಅರೆಗಲ್ಲಾಗುತ್ತದೆ. ಆದ್ದರಿಂದ ಒರೆಸದೆ ಎಣ್ಣೆ ಬಿಡಬಾರದು.

ಬಿಳಿ ಬಟ್ಟೆ ಹಾಸಿ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ಡ್ರಮ್ಮನ್ನು ಬಿಡಿಸಿ. ತಿರುಪಿನ ಗಾಡಿಗೆ ಸರಿಹೊಂದುವ ಸ್ಕ್ರೂಡ್ರೈವರನ್ನೇ ಬಳಸಿ, ಬಲವಂತ ಬೇಡ. ಹಳೆಯ ದಾರ ತೇವ ಹಿಡಿಯುವುದರಿಂದ ಅದನ್ನು ತೆಗೆದುಬಿಡಿ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿ. ಕಡ್ಡಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಸದ್ದು ಮಾಡುವ ಹಲ್ಲುಚಕ್ರಕ್ಕೆ ತೆಳುವಾಗಿ ಗ್ರೀಸ್ ಸಾಕು. ಕೊಬ್ಬರಿ ಎಣ್ಣೆ ಕ್ರಮೇಣ ಅಂಟಾಗುವುದರಿಂದ ಬೇಡ.

ಮರದ ರೀಲು ಒಣಹವೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಅದನ್ನು ನೀರಿನಲ್ಲಿ ತೊಳೆಯದೆ ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತುಸುವೇ ಸವರಿ. ಎಬೊನೈಟ್ ಬಿಸಿಲಿಗೆ ಬಣ್ಣ ಕೆಡುತ್ತದೆ. ಚರ್ಮದ ಚೀಲದಲ್ಲಿ ಬಹುಕಾಲ ಇಟ್ಟರೆ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಹತ್ತಿಯ ಚೀಲವೇ ಲೇಸು.

ಜೋಡಿಸಿದ ಬಳಿಕ ಡ್ರಮ್ಮಿಗೆ ಬೆರಳಿನಿಂದ ಒಂದು ಚಾಲನೆ ಕೊಡಿ. ನಿಧಾನವಾಗಿ ವೇಗ ತಗ್ಗಿ, ಪ್ರತಿ ಬಾರಿ ಬೇರೆಬೇರೆ ಜಾಗದಲ್ಲಿ ನಿಂತರೆ ಕ್ಷೇಮ. ಓಲಾಡುತ್ತ ತಿರುಗಿದರೆ ಕಡ್ಡಿ ಬಾಗಿರಬಹುದು. ಸುತ್ತಿಗೆ ಮುಟ್ಟದೆ ನುರಿತ ಲೇಥ್ ಕೆಲಸಗಾರರಿಗೆ ತೋರಿಸಿ.

ಮಾರುವ ಮುನ್ನ

ಹಿಡಿಕೆ ಮೂಳೆ ಅಥವಾ ಕೊಂಬಿನದ್ದಲ್ಲದೆ ಆನೆದಂತದ್ದಾಗಿದ್ದರೆ, ಎಷ್ಟೇ ಹಳೆಯದಾದರೂ ಅದರ ಮಾರಾಟಕ್ಕೆ ವನ್ಯಜೀವಿ ಕಾಯ್ದೆ ಅವಕಾಶ ನೀಡುವುದಿಲ್ಲ. ನೂರು ವರ್ಷ ದಾಟಿದ ಕರಕುಶಲ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ವಿದೇಶಿ ಸಂಗ್ರಾಹಕರಿಗೆ ಕಳುಹಿಸುವ ಮುನ್ನ ವಿಚಾರಿಸುವುದು ಅಗತ್ಯ.

ರೀಲು ಸುಸ್ಥಿತಿಗೆ ಬಂದರೂ ಅದು ಹುಡುಕಿ ಬಂದ ಮೀನು ಇಂದು ಸಂಕಷ್ಟದಲ್ಲಿದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ‘ಟಾರ್ ರೆಮಾದೇವಿ’ ಪ್ರಭೇದವೆಂದು 2018ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದೀಗ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಮುಂಡರಗಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಮೇಲ್ಭಾಗದಲ್ಲಿ, ತುಂಗೆಯ ಶೃಂಗೇರಿಯಲ್ಲಿ ಮಹಶೀರ್‌ಗಳು ದೇವರ ಮೀನುಗಳಾಗಿ ಉಳಿದಿವೆ. ಆದ್ದರಿಂದ ಅಟ್ಟದಿಂದ ಇಳಿದ ರೀಲನ್ನು ಅಜ್ಜನ ಕಾಲದ ನದಿಯ ದಾಖಲೆಯೆಂದು ಕಾಪಾಡಿ. ಅದು ಯಾರದ್ದು, ಯಾವ ಹೊಳೆಯಲ್ಲಿ ಬಳಸಿದ್ದು ಎಂಬುದನ್ನು ಹಿರಿಯರಿಂದ ಕೇಳಿ ಚೀಟಿಯಲ್ಲಿ ಬರೆದು ಚೀಲದೊಳಗೆ ಇಡಿ. ರೀಲಿನ ಮೇಲೆ ಕೆತ್ತಿರದ ಮಾಹಿತಿ ಅದೊಂದೇ.