ಹಳೆಯ ಪಂಚೆಯ ಆಟಿಕೆ: ಮೂಕಪ್ರಾಣಿಗೂ ಹಿತ, ಬೆಟ್ಟಕ್ಕೂ ಹಿತ

ಬೇಸಿಗೆ ರಜೆ ಬಂತೆಂದರೆ ಗಲ್ಲಾ ಪೆಟ್ಟಿಗೆಯನ್ನು ನಾಲ್ಕು ದಿನ ತಮ್ಮನ ವಶಕ್ಕೆ ಕೊಟ್ಟು, ಸಂಸಾರಸಮೇತ ಕೊಡೈಕಾನಲ್ಲಿಗೆ ಹೊರಡುವ ವ್ಯಾಪಾರಸ್ಥರು ನಮ್ಮಲ್ಲಿ ಕಡಿಮೆಯಿಲ್ಲ. ಪಳನಿ ಬೆಟ್ಟಸಾಲಿನಲ್ಲಿ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಆ ಊರಿನ ಸರೋವರ, ಮಂಜು, ತಂಪುಗಾಳಿ ಎಲ್ಲರಿಗೂ ಪ್ರಿಯವಾದದ್ದೇ. ಆದರೆ ಆ ಊರಿನಿಂದ ಕಲಿತು ಬರಬೇಕಾದ ಎರಡು ಪಾಠಗಳೂ ಇವೆ. ಮನೆಯ ನಾಯಿಗೋ ಬೆಕ್ಕಿಗೋ ಹಳೆಯ ಸಾಮಾನಿನಿಂದ ಒಂದು ಆಟಿಕೆ ಮಾಡಿಕೊಡಬೇಕೆನ್ನುವವರಿಗೆ ಅವೆರಡೂ ಉಪಯುಕ್ತ.

ಮೊದಲನೆಯದು ಕಾಡುಕೋಣಗಳದ್ದು. ಕಾಡಿನಿಂದ ಪೇಟೆಯೊಳಗೇ ಬರುವ ಈ ದೊಡ್ಡ ಪ್ರಾಣಿಗಳು ಪ್ರವಾಸಿಗರು ಎಸೆದ ಕಸಕ್ಕೂ ಬಾಯಿ ಹಾಕುತ್ತವೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಕರಗುವುದಿಲ್ಲ. ಮುಂದಕ್ಕೂ ಸಾಗದೆ ಉಂಡೆಗಟ್ಟಿ ನಿಲ್ಲುತ್ತದೆ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದಲೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಕೊಡೈಕಾನಲ್ಲಿನಲ್ಲಿ 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿ ತಂದವರಿಗೆ ಬಾಟಲಿಯೊಂದಕ್ಕೆ 20 ರೂಪಾಯಿ ಹಸಿರು ಶುಲ್ಕ ವಿಧಿಸಲಾಯಿತು.

ಎರಡನೆಯದು ಗುಜರಿಯದ್ದು. 2001ರಲ್ಲಿ ಕೊಡೈಕಾನಲ್ಲಿನ ಮೂಂಜಿಕ್ಕಲ್ ಬಡಾವಣೆಯ ಒಂದು ಗುಜರಿ ಅಂಗಡಿಯಲ್ಲಿ ಪಾದರಸ ಅಂಟಿದ ಥರ್ಮಾಮೀಟರ್ ಗಾಜಿನ ಚೂರುಗಳು ಟನ್ನುಗಟ್ಟಲೆ ಸಿಕ್ಕವು. ಅವು ಅದೇ ಊರಿನ ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದಿದ್ದವು. ಅದೇ ವರ್ಷ ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯವನ್ನು ಅಮೆರಿಕಕ್ಕೆ ಸಾಗಿಸಬೇಕಾಯಿತು. ಗುಜರಿಗೆ ಹೋದದ್ದೆಲ್ಲ ಮರುಬಳಕೆಗೆ ಯೋಗ್ಯವೆಂದು ತಿಳಿಯುವುದು ಎಷ್ಟು ದೊಡ್ಡ ತಪ್ಪೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆದ್ದರಿಂದ ಹಳೆಯ ವಸ್ತುವನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಎಲ್ಲಿಂದ ಬಂತು? ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ?

ಆಟಿಕೆ ಏಕೆ ಬೇಕು?

"ನಾಯಿಗೂ ಆಟಿಕೆಯೇ?" ಎಂದು ಹಿರಿಯರು ನಗಬಹುದು. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದಷ್ಟು ಹೊರಿಸುವುದು, ಅನ್ನನೀರು ತಡೆಯುವುದು. ಇವುಗಳಲ್ಲಿ ಮೊದಲನೆಯದೇ ಬಂಧ. ಅಂಗಡಿ ಕಾಯಲೆಂದು ತಂದ ನಾಯಿಯನ್ನು ದಿನವಿಡೀ ಸರಪಳಿಯಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದರೆ ಕರ್ತವ್ಯ ಮುಗಿಯಿತೇ?

ಕೊಡೈಕಾನಲ್ ಬೆಟ್ಟದ ದಕ್ಷಿಣಕ್ಕೆ ತೇನಿ ಜಿಲ್ಲೆಯ ಕಂಬಂ ಕಣಿವೆ ಇದೆ. ಮನೆಮಾತು ಕನ್ನಡವಾಗಿರುವ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ನೆಲೆಸಿವೆ. ಆ ಕಣಿವೆಯ ಕೊಂಬೈ ಎಂಬ ಊರಿನ ಹೆಸರನ್ನೇ ಹೊತ್ತ ನಾಯಿಯ ತಳಿ ಪ್ರಸಿದ್ಧ. ಕಂದು ಮೈ, ಕಪ್ಪು ಮೂತಿ, ಗಟ್ಟಿ ದವಡೆ. ಬೇಟೆಗೂ ಕಾವಲಿಗೂ ಹೆಸರಾದದ್ದು. ಅಂಥ ನಾಯಿಗೆ ಓಡಾಟವೂ ಕಚ್ಚಾಟವೂ ಇಲ್ಲದಿದ್ದರೆ ಅದು ಮನೆಯ ಚಪ್ಪಲಿ, ಬಾಗಿಲು, ಹಾಸಿಗೆಗಳ ಮೇಲೆ ತನ್ನ ಬೇಸರ ತೀರಿಸಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಏಟು ಬೀಳುತ್ತದೆ. ಒಂದು ಅತಿಚಾರ ಹೀಗೆ ಇನ್ನೊಂದಕ್ಕೆ ದಾರಿಯಾಗುತ್ತದೆ.

ಅಂಗಡಿಯಲ್ಲಿ ಕೊಳ್ಳುವ ಮುನ್ನ

ಪೇಟೆಯಲ್ಲಿ ಎಲುಬಿನ ಆಕಾರದ, ಗಂಟು ಹಾಕಿದ ಬೆಳ್ಳನೆಯ ಅಗಿಯುವ ಕಡ್ಡಿಗಳು ಸಿಗುತ್ತವೆ. ರಾಹೈಡ್ ಎಂಬ ಹೆಸರಿದ್ದರೆ ಅದು ದನ ಎಮ್ಮೆಗಳ ಚರ್ಮದ ಒಳಪದರವೆಂದು ತಿಳಿಯಿರಿ. ಚೀಟಿ ಓದದೆ ಕೊಂಡ ನಮ್ಮವರು ಎಷ್ಟು ಮಂದಿಯೋ! ಬೆಕ್ಕಿನ ಆಟಿಕೆಗಳಲ್ಲೂ ನಿಜವಾದ ಗರಿ, ತುಪ್ಪಳ ಬಳಸಿರುವುದುಂಟು. ಕೊಡೈಕಾನಲ್ ಸೇರಿರುವ ಜಿಲ್ಲೆಯ ಕೇಂದ್ರವಾದ ದಿಂಡಿಗಲ್ಲಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳೆನೀರು ಸುತ್ತಲಿನ ಅಂತರ್ಜಲವನ್ನು ಕೆಡಿಸಿದೆ. ಚರ್ಮದ ಬೆಲೆಯನ್ನು ಪ್ರಾಣಿಯ ಜೊತೆಗೆ ನೀರೂ ತೆರುತ್ತದೆ.

ಮನೆಯಲ್ಲೇ ಮಾಡುವ ಎರಡು ಆಟಿಕೆಗಳು

ಜಡೆ ಹಗ್ಗ: ಹಳೆಯ ಹತ್ತಿ ಪಂಚೆ, ಸೀರೆ ಅಥವಾ ಟವೆಲನ್ನು ತೊಳೆದು ಒಣಗಿಸಿ. ಮೂರು ಇಂಚು ಅಗಲ, ಎರಡೂವರೆ ಅಡಿ ಉದ್ದದ ಒಂಬತ್ತು ಪಟ್ಟಿ ಕತ್ತರಿಸಿ. ಜರಿಯ ಅಂಚು, ಗುಂಡಿ, ಕೊಕ್ಕೆ ತೆಗೆದುಬಿಡಿ. ಒಂಬತ್ತನ್ನೂ ಒಂದು ತುದಿಯಲ್ಲಿ ಬಿಗಿಯಾಗಿ ಗಂಟು ಹಾಕಿ, ಮೂರು ಮೂರು ಪಟ್ಟಿ ಸೇರಿಸಿ ಹೆಣ್ಣುಮಕ್ಕಳ ಜಡೆಯಂತೆ ಹೆಣೆದು, ಇನ್ನೊಂದು ತುದಿಯಲ್ಲೂ ಗಂಟು ಹಾಕಿ. ಸೂಜಿದಾರದ ಅಗತ್ಯವೇ ಇಲ್ಲ. ಒಂದು ತುದಿ ನಾಯಿಯ ಬಾಯಲ್ಲಿ, ಇನ್ನೊಂದು ಮಗುವಿನ ಕೈಯಲ್ಲಿ, ಹಿರಿಯರೊಬ್ಬರು ಜೊತೆಗಿರಲಿ.

ಉರುಳು ಕೊಳವೆ: ಜವಳಿ ಅಂಗಡಿಯವರಿಗೆ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಪರಿಚಿತ. ಒಂದು ಗೇಣುದ್ದ ಕತ್ತರಿಸಿ, ಪಕ್ಕದಲ್ಲಿ ಮೂರು ನಾಲ್ಕು ತೂತು ಮಾಡಿ. ಒಳಗೆ ಒಣ ರೊಟ್ಟಿಯ ಚೂರು ಹಾಕಿ ಎರಡೂ ತುದಿಗಳಿಗೆ ಕಾಗದ ತುರುಕಿ. ಬೆಕ್ಕು ಉರುಳಿಸಿದಂತೆಲ್ಲ ತಿನಿಸು ಒಂದೊಂದಾಗಿ ಉದುರುತ್ತದೆ. ರಟ್ಟಿನ ಪೆಟ್ಟಿಗೆಯನ್ನೂ ಕೊಡಬಹುದು. ಟೇಪು ಮತ್ತು ಪಿನ್ನು ಕಿತ್ತ ಮೇಲೆ ಮಾತ್ರ.

ಗೋಣಿಚೀಲದ ವಿಷಯದಲ್ಲಿ ಎಚ್ಚರ ಬೇಕು. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರವಿರಲಿ, ನಮ್ಮ ಊರಿನ ಕಿರಾಣಿ ಇರಲಿ, ಧಾನ್ಯ ತುಂಬಿದ ಚೀಲವೂ ಗೊಬ್ಬರ, ಕೀಟನಾಶಕ ಹೊತ್ತ ಚೀಲವೂ ಖಾಲಿಯಾದ ಮೇಲೆ ಒಂದೇ ಮೂಲೆಗೆ ಬೀಳುತ್ತವೆ. ಹಿಂದೆ ಏನು ತುಂಬಿತ್ತೆಂದು ಗೊತ್ತಿಲ್ಲದ ಚೀಲವನ್ನು ಮುಟ್ಟಬೇಡಿ.

ದಯೆಯೇ ಅಪಾಯವಾಗಬಾರದು

ಬೆಕ್ಕಿನ ಮುಂದೆ ನೂಲಿನ ಉಂಡೆ ಹಾಕುವುದು ಚಿತ್ರದಲ್ಲಿ ಚೆಂದ, ಮನೆಯಲ್ಲಿ ಅಪಾಯ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡರೆ ಕರುಳು ಲಾಡಿ ಎಳೆದಂತೆ ಮುದುಡಿ, ದಾರವೇ ಅದನ್ನು ಕೊಯ್ಯಬಹುದು. ಬಾಯಿಯಿಂದಲೋ ಹಿಂಬದಿಯಿಂದಲೋ ದಾರ ಇಣುಕಿದರೆ ಎಳೆಯಬೇಡಿ. ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ರಬ್ಬರ್ ಬ್ಯಾಂಡು, ಬಾಟಲಿಯ ಮುಚ್ಚಳ, ನಾಯಿಯ ಬಾಯೊಳಗೆ ಪೂರ್ತಿ ಹೋಗುವಷ್ಟು ಚಿಕ್ಕ ಚೆಂಡು ಯಾವುದೂ ಬೇಡ. ಜಡೆ ಹಗ್ಗವೂ ಎಳೆ ಬಿಚ್ಚತೊಡಗಿದ ದಿನವೇ ಅದರ ಆಯುಷ್ಯ ಮುಗಿಯಿತು. ಆಟ ಮುಗಿದೊಡನೆ ಎತ್ತಿಡುವುದು ಒಳ್ಳೆಯ ರೂಢಿ.

ಬಟ್ಟೆ ಶುದ್ಧ ಹತ್ತಿಯದಾದರೆ, ಹರಿದ ಹಗ್ಗ ಕೊನೆಗೆ ಮಣ್ಣಿಗೇ ಸೇರುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಸೇರುವುದಿಲ್ಲ. ಬಣ್ಣ ಬಿಡುವ ಬಟ್ಟೆಯೂ ಬೇಡ.

ಈ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಹಗ್ಗ ಹೆಣೆಯಿರಿ. ಖರ್ಚು ಒಂದು ಪೈಸೆಯಿಲ್ಲ, ಸಮಯ ಅರ್ಧ ಗಂಟೆ. ಹೆಣೆದಾದ ಮೇಲೆ ನಾಯಿಯ ಸರಪಳಿ ಬಿಚ್ಚಿ ಅಂಗಳಕ್ಕೆ ಕರೆದುಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ.